ಸ್ಟಾರ್ಟರ್‌ಗೆ ‘ನೀರಿಲ್ಲ’ ಅಂತ ಗೊತ್ತಾಗುತ್ತದಾ? ಕೈಪಿಡಿ ಬರೆಯುವವರು ಸ್ವಲ್ಪ ಬನ್ನಿ

ಕೈಪಿಡಿಕಾರ:

ನಾನು ಹೊಟ್ಟೆಪಾಡಿಗೆ ಕೈಪಿಡಿ ಬರೆಯುತ್ತೇನೆ. ಡಬ್ಬ ಬಿಚ್ಚಿದ ತಕ್ಷಣ ಥರ್ಮಾಕೋಲ್ ಜೊತೆ ಮೂಲೆಗೆ ಹೋಗುತ್ತದಲ್ಲ, ಆ ಕಾಗದ. ಈಗ ಕೈಯಲ್ಲಿರುವುದು ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್. ಒಳಗೆ ಸಿಮ್ ಹಾಕಿರುತ್ತಾರೆ, ಮನೆಯಿಂದ ಫೋನ್ ಮಾಡಿದರೆ ತೋಟದಲ್ಲಿ ಮೋಟರ್ ಆನ್ ಆಗುತ್ತದೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕೊಟ್ಟರೂ ಟಾರ್ಚ್ ಹಿಡಿದು ಎದ್ದು ಹೋಗಬೇಕಿಲ್ಲ.

ಅದರಲ್ಲಿ ಡ್ರೈ ರನ್ ಅಂತ ಒಂದು ಸೌಲಭ್ಯ ಇದೆ. ಬೋರ್‌ನಲ್ಲಿ ನೀರು ಮುಗಿದ ಮೇಲೂ ಮೋಟರ್ ತಿರುಗುತ್ತಿದ್ದರೆ ಸುಟ್ಟು ಹೋಗುತ್ತದೆ, ಅಷ್ಟರೊಳಗೆ ಆಫ್ ಆಗಬೇಕು. ನಾನು ಬರೆದಿದ್ದು ಹೀಗೆ: “ಕೊಳವೆಬಾವಿಯಲ್ಲಿ ನೀರಿಲ್ಲವೆಂದು ಸ್ಟಾರ್ಟರ್ ಅರಿತುಕೊಂಡು ಮೋಟರನ್ನು ನಿಲ್ಲಿಸುತ್ತದೆ.” ಓದಲು ಚೆನ್ನಾಗಿದೆ ಅಂತ ನನಗೇ ಖುಷಿಯಾಗಿತ್ತು.

ಹಿರಿಯೂರು ಕಡೆಯ ರೈತರೊಬ್ಬರು ಫೋನ್ ಮಾಡಿದರು. ಮೋಟರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಆಫ್, ಮತ್ತೆ ಆನ್ ಮಾಡಿದರೆ ಮತ್ತೆ ಆಫ್. “ಬೋರ್‌ನಾಗೆ ನೀರೈತೆ ಸ್ವಾಮಿ, ನಿಮ್ಮ ಡಬ್ಬಕ್ಕೆ ಗೊತ್ತಾಗ್ತಾ ಇಲ್ಲ, ಅದಕ್ಕೆ ತಲೆ ಕೆಟ್ಟೈತೆ, ಬೇರೆ ಕೊಡಿ” ಅಂದರು. ನಮ್ಮವರು ಬೇರೆ ಡಬ್ಬ ಕಳಿಸಿದರು. ಅದಕ್ಕೂ ತಲೆ ಕೆಟ್ಟಿತು!

ಆಮೇಲೆ ನೋಡಿದರೆ ಆಗಿದ್ದು ಇಷ್ಟೇ. ಬೋರ್‌ನಲ್ಲಿ ನೀರು ಕಡಿಮೆಯಾಯಿತೆಂದು ಅವರು ಏಳೂವರೆ ಎಚ್‌ಪಿ ಮೋಟರ್ ಎತ್ತಿಸಿ ಐದು ಎಚ್‌ಪಿ ಇಳಿಸಿದ್ದರು. ಸ್ಟಾರ್ಟರ್‌ಗೂ ನೀರಿಗೂ ಸಂಬಂಧವೇ ಇಲ್ಲ, ಅದು ಅಳೆಯುವುದು ಮೋಟರ್ ಎಷ್ಟು ಆಂಪ್ಸ್ ಕರೆಂಟ್ ಎಳೆಯುತ್ತಿದೆ ಅನ್ನುವುದನ್ನು ಮಾತ್ರ. ನೀರು ಎತ್ತುವಾಗ ಜಾಸ್ತಿ ಎಳೆಯುತ್ತದೆ, ಒಣಗಿ ತಿರುಗುವಾಗ ಕಡಿಮೆ. ಹಳೆ ಮೋಟರ್ 13 ಆಂಪ್ಸ್ ಎಳೆಯುತ್ತಿತ್ತು, ಅದಕ್ಕೆ ಡ್ರೈ ರನ್ ಸೆಟ್ಟಿಂಗ್ 9.5 ಇಟ್ಟಿದ್ದರು, ಅದಕ್ಕಿಂತ ಕಡಿಮೆಯಾದರೆ ಮೋಟರ್ ಆಫ್. ಹೊಸದು ನೀರು ತುಂಬಿ ಹರಿಯುವಾಗಲೂ ಎಳೆಯುವುದೇ 8.8. ಸೆಟ್ಟಿಂಗನ್ನು 6.5ಕ್ಕೆ ಇಳಿಸಿದ್ದರೆ ಮುಗಿಯುತ್ತಿತ್ತು. ಎರಡು ನಿಮಿಷದ ಕೆಲಸ. ಆದರೆ ನನ್ನ ವಾಕ್ಯ ಓದಿದವರಿಗೆ ಅಲ್ಲೊಂದು ಅಂಕಿ ಇದೆ, ಅದನ್ನು ಬದಲಾಯಿಸಬಹುದು ಅಂತ ಹೊಳೆಯುವುದಾದರೂ ಹೇಗೆ? ‘ಅರಿತುಕೊಂಡು’ ಅಂತ ಬರೆದು ನಾನೇ ಬಾಗಿಲು ಹಾಕಿದ್ದೆ.

ಇಷ್ಟಾದ ಮೇಲೆ ನಮ್ಮ ಮ್ಯಾನೇಜರ್ ಹೊಸ ನಿಯಮ ತಂದಿದ್ದಾರೆ. ಯಂತ್ರಕ್ಕೆ ಮನುಷ್ಯರ ಕ್ರಿಯಾಪದ ಹಾಕಲೇಬಾರದಂತೆ. ಗೂಗಲ್‌ನವರು ಡೆವಲಪರ್‌ಗಳಿಗೆ ಮಾಡಿರುವ ಬರವಣಿಗೆಯ ಮಾರ್ಗಸೂಚಿಯಲ್ಲೂ ಹಾಗೇ ಇದೆ ಅಂತ ತೋರಿಸಿದರು, ಇರುವುದು ನಿಜ. ಆದರೆ ಅದನ್ನು ಕನ್ನಡದಲ್ಲಿ ಪಾಲಿಸಲು ಹೋಗಿ ಈಗ ನನ್ನ ಕೈಪಿಡಿ ಹೀಗಿದೆ: “ಮೋಟರಿನ ಚಾಲನೆಯು ಸ್ಥಗಿತಗೊಳಿಸಲ್ಪಡುತ್ತದೆ.” ತಾಲೂಕು ಕಚೇರಿಯ ನೋಟಿಸ್ ಬೋರ್ಡಿನಂತೆ. ನೀವೆಲ್ಲ ಏನು ಮಾಡುತ್ತೀರಿ?

ಸರ್ವರ್ ರೂಮ್:

ನಿಮ್ಮ ಮ್ಯಾನೇಜರ್ ಸುಮ್ನೆ ತಲೆ ತಿನ್ನುತ್ತಿದ್ದಾರೆ. ನಮ್ಮ ಕೆಲಸದಲ್ಲಿ ಮನುಷ್ಯರ ಮಾತಿಲ್ಲದೆ ಒಂದು ದಿನ ನಡೆಯುವುದಿಲ್ಲ. ಸರ್ವರ್ ಲಿಸನ್ ಮಾಡುತ್ತದೆ, ಎರಡು ಕಡೆಯವು ಹ್ಯಾಂಡ್‌ಶೇಕ್ ಮಾಡುತ್ತವೆ. ಸಂಪರ್ಕವನ್ನು ಗುಟ್ಟಾಗಿಡುವ ಟಿಎಲ್‌ಎಸ್ ಶುರುವಾಗುವುದೇ ‘ಕ್ಲೈಂಟ್ ಹಲೋ’ ಅನ್ನುವ ಸಂದೇಶದಿಂದ. ಪ್ರೋಸೆಸ್‌ಗೆ, ಅಂದರೆ ಓಡುತ್ತಿರುವ ಪ್ರೋಗ್ರಾಂಗೆ, ಪೇರೆಂಟ್, ಚೈಲ್ಡ್, ಆರ್ಫನ್, ಝಾಂಬಿ ಎಲ್ಲ ಇವೆ. ಇಷ್ಟು ವರ್ಷದಲ್ಲಿ ಯಾವ ಎಂಜಿನಿಯರೂ ಅನಾಥ ಪ್ರೋಸೆಸ್‌ಗೆ ಆಶ್ರಮ ಹುಡುಕಿದ್ದು ನಾನು ನೋಡಿಲ್ಲ.

ಸಾಲುಮರ:

ಸರ್ವರ್ ರೂಮ್ ಅವರೇ, ನೀವು ಹೇಳಿದ ಪದಗಳೆಲ್ಲ ಇಂಗ್ಲಿಷಿನವು, ಗಮನಿಸಿದಿರಾ? ನಾನು ತಂತ್ರಾಂಶ ಅನುವಾದ ಮಾಡುವವಳು. ಪ್ರೋಸೆಸ್ ನಿಲ್ಲಿಸಲು ಕಿಲ್ ಅಂತ ಕನ್ನಡಿಗ ಎಂಜಿನಿಯರ್ ಹೇಳುವಾಗ ಅವನ ತಲೆಯಲ್ಲಿ ಕೊಲೆ ಇರುವುದಿಲ್ಲ, ಅದು ಬರೀ ಒಂದು ಕಮಾಂಡ್. ಕನ್ನಡಕ್ಕೆ ತಂದ ತಕ್ಷಣ ಹೆಣ ಎದ್ದು ಕೂರುತ್ತದೆ. ಒಂದು ಸಲ “ಪೋಷಕ ಪ್ರಕ್ರಿಯೆಯು ಮಗುವನ್ನು ಕೊಂದಿದೆ” ಅಂತ ತೆರೆ ಮೇಲಿತ್ತು. ಹಿಂದೆ ನಿಂತಿದ್ದ ನಮ್ಮಮ್ಮ “ಏನೇ ಇದು, ಯಾವ ಕೇಸು?” ಅಂತ ಕೇಳಿದರು.

ಇನ್ನೊಂದು, ‘ಕೇಳು’. ಇಂಗ್ಲಿಷಿನಲ್ಲಿ ಲಿಸನ್ ಬೇರೆ, ಆಸ್ಕ್ ಬೇರೆ. ನಮಗೆ ಎರಡೂ ಒಂದೇ. “ಸರ್ವರ್ 443ನೇ ಪೋರ್ಟಿನಲ್ಲಿ ಕೇಳುತ್ತಿದೆ” ಅಂತ ಯಾರೋ ಅನುವಾದ ಮಾಡಿದ್ದರು. ಹೊಸದಾಗಿ ಸೇರಿದ ಹುಡುಗ ಅರ್ಧ ಗಂಟೆ ತಲೆ ಕೆರೆದುಕೊಂಡು ಬಂದು “ಏನು ಕೇಳ್ತಿದೆ ಮೇಡಂ, ಪಾಸ್‌ವರ್ಡಾ?” ಅಂದ. ಅವನದೇನು ತಪ್ಪು? ಈಗ ನಾನು “443ನೇ ಪೋರ್ಟಿಗೆ ಬರುವ ಸಂಪರ್ಕಗಳನ್ನು ಸರ್ವರ್ ಸ್ವೀಕರಿಸುತ್ತದೆ” ಅಂತ ಬರೆಯುತ್ತೇನೆ.

ಮೆಮೊರಿಯದೂ ಇದೇ ಕತೆ. 1945ರಲ್ಲಿ ಎಡ್‌ವ್ಯಾಕ್ ಕಂಪ್ಯೂಟರಿನ ಬಗ್ಗೆ ವರದಿ ಬರೆದ ಜಾನ್ ಫಾನ್ ನಾಯ್ಮನ್ ಯಂತ್ರದ ಭಾಗಗಳನ್ನು ಅಂಗಗಳು ಅಂತಲೇ ಕರೆದರು, ನರಕೋಶಕ್ಕೆ ಹೋಲಿಸಿದರು, ಮೆಮೊರಿ ಅಂದರು. ಅವರಿಗಿಂತ ಸುಮಾರು ನೂರು ವರ್ಷ ಮೊದಲು ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಎರಡು ಭಾಗಗಳಿಗೆ ಸ್ಟೋರ್, ಮಿಲ್ ಅಂತ ಹೆಸರಿಟ್ಟಿದ್ದರು. ನಮ್ಮ ಲೆಕ್ಕದಲ್ಲಿ ಉಗ್ರಾಣ, ಗಿರಣಿ. ಎಷ್ಟು ಚೆಂದ ಅಲ್ವಾ! ಉಗ್ರಾಣದಲ್ಲಿ ಅಂಕಿ ಇಡು, ಗಿರಣಿಗೆ ಹಾಕು, ಹಿಟ್ಟು ಮಾಡಿಕೊಂಡು ಬಾ. ಅದು ನಿಂತಿದ್ದರೆ ನಾವು ಇವತ್ತು ‘ಸ್ಮೃತಿ’ ಅಂತ ಒದ್ದಾಡಬೇಕಿರಲಿಲ್ಲ. ಫೋನಿನಲ್ಲಿ ಮೆಮೊರಿ ಫುಲ್ ಅಂದರೆ ನಮ್ಮಜ್ಜಿಗೂ ತಿಳಿಯುತ್ತದೆ. “ಸ್ಮೃತಿ ತುಂಬಿದೆ” ಅಂದರೆ ಯಾರಿಗೋ ವೈರಾಗ್ಯ ಬಂದ ಹಾಗಿದೆ.

ನಿವೃತ್ತ ಮೇಷ್ಟ್ರು:

ಕೈಪಿಡಿಕಾರರ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷಿನ ನಿಯಮವನ್ನು ಹಾಗೇ ಎತ್ತಿ ತಂದರೆ ಕನ್ನಡದಲ್ಲಿ ಕೂರುವುದಿಲ್ಲ. ಒಂದೇ ಪದ ಸಾಕು: ಬೇಕು. ಇಂಗ್ಲಿಷಿನವರು ಯಂತ್ರಕ್ಕೆ ‘ವಾಂಟ್’ ಹಾಕಬೇಡಿ, ‘ನೀಡ್’ ಹಾಕಿ ಅನ್ನುತ್ತಾರೆ. ನಮಗೆ ಎರಡಕ್ಕೂ ‘ಬೇಕು’. ಮಗುವಿಗೆ ಚಾಕೊಲೇಟ್ ಬೇಕು, ಗಿಡಕ್ಕೆ ನೀರು ಬೇಕು, ಗೋಡೆಗೆ ಸುಣ್ಣ ಬೇಕು. ಗೋಡೆ ಆಸೆಪಟ್ಟಿತು ಅಂತ ಯಾರೂ ತಿಳಿಯುವುದಿಲ್ಲ. ಹಾಗಾಗಿ “ಈ ಆ್ಯಪ್‌ಗೆ 2 ಜಿಬಿ ಜಾಗ ಬೇಕು” ಅನ್ನುವುದರಲ್ಲಿ ಯಾವ ದೋಷವೂ ಇಲ್ಲ. ಅದನ್ನು “ಅವಶ್ಯಕತೆಯಿರುತ್ತದೆ” ಅಂತ ಎಳೆಯಬೇಡಿ.

ಇನ್ನು, ‘ಸ್ಥಗಿತಗೊಳಿಸಲ್ಪಡುತ್ತದೆ’ ಯಾಕೆ ಬಂತು? ಯಂತ್ರ ಮಾಡುತ್ತದೆ ಅನ್ನಬಾರದು ಅಂದಾಗ ನಿಮಗೆ ಇಂಗ್ಲಿಷಿನ ಕರ್ಮಣಿ ಪ್ರಯೋಗ ನೆನಪಾಯಿತು. ಕನ್ನಡದಲ್ಲಿ ‘ಆಗು’ ಇದೆಯಲ್ಲ! ಮೋಟರ್ ಆಫ್ ಆಗುತ್ತದೆ, ಫೈಲ್ ಸೇವ್ ಆಗುತ್ತದೆ, ಬಾಗಿಲು ಓಪನ್ ಆಗುತ್ತದೆ. ನಿಮ್ಮ ಮೊದಲ ಪೋಸ್ಟಿನಲ್ಲಿ ಎಷ್ಟು ಸಲ ‘ಆನ್ ಆಗುತ್ತದೆ’, ‘ಆಫ್ ಆಗಬೇಕು’ ಬರೆದಿದ್ದೀರಿ ನೋಡಿಕೊಳ್ಳಿ. ಇಲ್ಲಿ ನಮ್ಮ ಜೊತೆ ಮಾತಾಡುವಾಗ ಸರಿಯಾಗಿ ಬರೆಯುತ್ತೀರಿ, ಕೈಪಿಡಿಗೆ ಕೂತಾಗ ಕೋಟು ಹಾಕಿಕೊಳ್ಳುತ್ತೀರಿ.

ನಾನಾಗಿದ್ದರೆ ಕೆಂಪು ಪೆನ್ನು ಹಾಕುತ್ತಿದ್ದದ್ದು ‘ಕೊಳ್ಳು’ ಮೇಲೆ. ಸೇವ್ ಆಗುತ್ತದೆ, ಸೇವ್ ಮಾಡುತ್ತದೆ, ಸೇವ್ ಮಾಡಿಕೊಳ್ಳುತ್ತದೆ. ಮೂರನ್ನೂ ಬಾಯಿಬಿಟ್ಟು ಹೇಳಿ ನೋಡಿ. ಮೂರನೆಯದರಲ್ಲಿ ಯಂತ್ರ ತನಗೋಸ್ಕರ ಏನೋ ಮಾಡಿತು ಅನ್ನುವ ಧ್ವನಿ ಬರುತ್ತದೆ. ನಿಮ್ಮ ವಾಕ್ಯದಲ್ಲಿ ‘ಅರಿ’ ಒಂದು ಇದ್ದದ್ದೇ ಹೆಚ್ಚು, ಅದಕ್ಕೆ ‘ಕೊಂಡು’ ಬೇರೆ. ಹಾಗೆ ನೋಡಿದರೆ ಕನ್ನಡ ಕ್ರಿಯಾಪದದ ಕೊನೆಯೇ ಇದು ವಸ್ತು ಅಂತ ಹೇಳಿಬಿಡುತ್ತದೆ. ನಿಲ್ಲಿಸುತ್ತಾನೆ, ನಿಲ್ಲಿಸುತ್ತಾಳೆ, ನಿಲ್ಲಿಸುತ್ತದೆ. ಅದಕ್ಕಾಗಿಯೇ ನಮಗೆ ಇಂಗ್ಲಿಷಿನಷ್ಟು ಭಯ ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ವೈಂಡಿಂಗ್ ಅಂಗಡಿ:

ಮೇಷ್ಟ್ರೇ ನಮಸ್ಕಾರ. ಕೊನೆಯ ಮಾತು ಒಪ್ಪುವುದಿಲ್ಲ. ಈ ಸ್ಟಾರ್ಟರ್‌ಗಳಲ್ಲಿ ಕೆಲವು ರೈತರಿಗೆ ತಾವೇ ಫೋನ್ ಮಾಡುತ್ತವೆ, ರೆಕಾರ್ಡ್ ಮಾಡಿದ ಹೆಂಗಸಿನ ದನಿ, “ಮೋಟರ್ ಆಫ್ ಆಗಿದೆ” ಅಂತ. ನಮ್ಮ ಅಂಗಡಿಗೆ ಬರುವವರು “ಆಯಮ್ಮ ಬೆಳಗ್ಗಿಂದ ನಾಲ್ಕು ಸಲ ಫೋನ್ ಮಾಡಿದ್ಲು” ಅನ್ನುತ್ತಾರೆ. ‘ಅದು’ ಹೋಗಿ ‘ಅವಳು’ ಆಗಿ ಯಾವ ಕಾಲವಾಯಿತು!

ಆದರೆ ಕೈಪಿಡಿಕಾರರ ಮ್ಯಾನೇಜರ್ ಮಾತೂ ಒಪ್ಪುವುದಿಲ್ಲ. ನಾನು ಮೋಟರ್ ವೈಂಡಿಂಗ್ ಮಾಡಿಕೊಂಡು 22 ವರ್ಷ ಆಯಿತು. ಗಿರಾಕಿ ಬಂದು “ಮೋಟರ್ ನರಳ್ತಾ ಇದೆ, ತಿರುಗ್ತಾ ಇಲ್ಲ” ಅಂದರೆ ನನಗೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಒಂದು ಫೇಸ್ ಹೋಗಿರಬೇಕು. ಎರಡೇ ಫೇಸಿನಲ್ಲಿ ಮೋಟರ್ ಎದ್ದೇಳಲಾಗದೆ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ, ಬಿಟ್ಟರೆ ಸುಡುತ್ತದೆ. ಮೊದಲು ಫ್ಯೂಸ್ ನೋಡು ಅನ್ನುತ್ತೇನೆ. ನರಳುವುದು ಮನುಷ್ಯರದೇ ಮಾತು, ಆದರೆ ಅದರಲ್ಲಿ ಸದ್ದು ಇದೆ, ಕಿವಿಗೆ ಕೇಳುತ್ತದೆ, ಹೋಗಿ ನೋಡಬಹುದು. “ಮೋಟರ್ ಸರಿಯಾಗಿ ಕಾರ್ಯನಿರ್ವಹಿಸುತ್ತಿಲ್ಲ” ಅಂತ ಬರೆದುಕೊಂಡು ಬಂದರೆ ನಾನೇನು ಮಾಡಲಿ? ಯಂತ್ರದ ಮಾತೇ, ಒಂದು ಪೈಸೆಯ ಸುದ್ದಿ ಇಲ್ಲ.

ಅಂದ ಹಾಗೆ ಕೈಪಿಡಿಕಾರರೇ, ನೀವೇ ‘ಮೋಟರ್ ಆಂಪ್ಸ್ ಎಳೆಯುತ್ತದೆ’ ಅಂತ ಬರೆದಿದ್ದೀರಿ. ಎಳೆಯುವುದು ಎತ್ತು. ಅದನ್ನೂ ತೆಗೆಯುತ್ತೀರಾ?

ಕೈಪಿಡಿಕಾರ:

ಸಿಕ್ಕಿಬಿದ್ದೆ. ಎಳೆಯುವುದನ್ನು ತೆಗೆಯುವುದಿಲ್ಲ. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿಯುವ ಪ್ರತಿಯೊಬ್ಬನೂ ಆಡುವ ಮಾತು ಅದು, ಮೀಟರಿನಲ್ಲಿ ಅಂಕಿ ತೋರಿಸಿಯೇ ಆಡುತ್ತಾನೆ. ‘ಅರಿತುಕೊಂಡು’ ಅನ್ನುವುದಕ್ಕೆ ತೋರಿಸಲು ಯಾವ ಮೀಟರೂ ಇಲ್ಲ.

ಕೌಂಟರ್ ನಂಬರ್ 3:

ನನ್ನ ಅನುಭವ ಬೇರೆ ಕಡೆಯದು, ಆದರೂ ಹೇಳುತ್ತೇನೆ. ಅಜ್ಜಿಯನ್ನು ಕರೆದುಕೊಂಡು ರೇಷನ್ ತರಲು ಹೋಗಿದ್ದೆ. ಬೆರಳು ಇಟ್ಟರು, “ಸಿಸ್ಟಮ್ ತಗೊಳ್ತಾ ಇಲ್ಲ”. ಒರೆಸಿ ಇಟ್ಟರು, “ತಗೊಳ್ತಾ ಇಲ್ಲ”. ಜೀವಮಾನವೆಲ್ಲ ಕಳೆ ಕಿತ್ತು ಪಾತ್ರೆ ತಿಕ್ಕಿ ಸವೆದ ಬೆರಳು ಅದು. ಹಿಂದೆ ಸಾಲು ಬೆಳೆಯುತ್ತಿದೆ. ಅಜ್ಜಿ ನನ್ನ ಮುಖ ನೋಡಿ “ನಾನೇನು ತಪ್ಪು ಮಾಡ್ದೆ?” ಅಂದರು. ನಾಳೆ ಬನ್ನಿ ಅಂತ ಕಳಿಸಿದರು. ನಾಳೆಯೂ ಅದೇ.

ಮನೆಗೆ ಬಂದು ಯೋಚಿಸಿದೆ. ‘ತಗೊಳ್ತಾ ಇಲ್ಲ’ ಅನ್ನುವ ಒಂದೇ ಮಾತಿನೊಳಗೆ ಎಷ್ಟು ಬೇರೆ ಬೇರೆ ಸಂಗತಿ ಅಡಗಿರಬಹುದು! ಬೆರಳಚ್ಚು ಓದುವ ಗಾಜು ಕೊಳೆಯಾಗಿರಬಹುದು, ಒರೆಸಿದರೆ ಆಯಿತು. ನೆಟ್‌ವರ್ಕ್ ಇಲ್ಲದೆ ಇರಬಹುದು, ಆಗ ಬೆರಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಲ್ಲವೇ ಅಚ್ಚು ನಿಜವಾಗಿಯೂ ಹೊಂದುತ್ತಿಲ್ಲ, ಆಗ ನಾಳೆ ಬಂದರೂ ಅಷ್ಟೇ, ನಾಡಿದ್ದು ಬಂದರೂ ಅಷ್ಟೇ. ಆಧಾರ್ ದೃಢೀಕರಣಕ್ಕೆ ಮೊಬೈಲಿಗೆ ಬರುವ ಒಟಿಪಿ ಇದೆ, ಕಣ್ಣಿನ ಪಾಪೆ ಸ್ಕ್ಯಾನ್ ಮಾಡುವುದಿದೆ, ಆ ದಾರಿ ಕೇಳಬೇಕಿತ್ತು. ಕೌಂಟರ್‌ನವರ ಮೇಲೆ ನನಗೆ ಕೋಪ ಇಲ್ಲ, ಅವರ ತೆರೆ ಮೇಲೆ ಏನು ಬಂದಿತ್ತೋ ಏನೋ. ತೆರೆಗೆ ಆ ಸಾಲು ಬರೆದವನು ಒಂದು ನಿಮಿಷ ಜಾಸ್ತಿ ಕೂತಿದ್ದರೆ ಅಜ್ಜಿಗೆ ಎರಡು ದಿನ ಉಳಿಯುತ್ತಿತ್ತು.

ಸಾಲುಮರ:

ಇದನ್ನು ಓದಿ ಬ್ರಿಟನ್ನಿನ ಅಂಚೆ ಇಲಾಖೆಯ ಹಗರಣ ನೆನಪಾಯಿತು. ಹೊರೈಜ಼ನ್ ಅಂತ ಲೆಕ್ಕದ ತಂತ್ರಾಂಶ, ಫುಜಿತ್ಸು ಕಂಪನಿಯದು. ಅದರಲ್ಲಿ ದೋಷಗಳಿದ್ದವು, ಊರಿನ ಸಣ್ಣ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ಇಲ್ಲದ ಕೊರತೆ ತೋರಿಸುತ್ತಿತ್ತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನಕ್ಕೆ ಕಳ್ಳತನ, ಸುಳ್ಳು ಲೆಕ್ಕ ಅಂತ ಶಿಕ್ಷೆಯಾಯಿತು, ಕೆಲವರು ಜೈಲಿಗೂ ಹೋದರು. ಕೊನೆಗೆ 2024ರಲ್ಲಿ ಸಂಸತ್ತೇ ಕಾನೂನು ಮಾಡಿ ಆ ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು. ‘ಕಂಪ್ಯೂಟರ್ ಹೇಳುತ್ತಿದೆ’ ಅನ್ನುವ ಮಾತಿನ ಬೆಲೆ ಇದು.

ಸರ್ವರ್ ರೂಮ್:

ಅದು ಬೇರೆ ವಿಷಯ ಸಾಲುಮರ ಅವರೇ. ಅಲ್ಲಿ ತಂತ್ರಾಂಶ ಕೆಟ್ಟದಿತ್ತು, ಗೊತ್ತಿದ್ದವರು ಮುಚ್ಚಿಟ್ಟರು. “ಕಂಪ್ಯೂಟರ್ ತೋರಿಸುತ್ತಿದೆ” ಅಂದಿದ್ದರೂ, “ಕಂಪ್ಯೂಟರಿನಲ್ಲಿ ದಾಖಲಾಗಿದೆ” ಅಂದಿದ್ದರೂ ಅವರು ಜೈಲಿಗೆ ಹೋಗುತ್ತಿದ್ದರು. ವ್ಯಾಕರಣದ ಮೇಲೆ ಅಷ್ಟು ಭಾರ ಹಾಕಬೇಡಿ.

ಸಾಲುಮರ:

ಮುಚ್ಚಿಟ್ಟಿದ್ದು ನಿಜ, ಮೂಲ ಪಾಪ ಅದೇ. ಆದರೆ ಆಗಿನ ಇಂಗ್ಲೆಂಡ್ ಕಾನೂನನ್ನೂ ನೋಡಿ. ಮೊದಲು ಕಂಪ್ಯೂಟರಿನ ದಾಖಲೆಯನ್ನು ಸಾಕ್ಷಿಯಾಗಿ ತರುವವರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ತೋರಿಸಬೇಕಿತ್ತು. 1999ರ ಒಂದು ಕಾಯ್ದೆಯಲ್ಲಿ ಆ ಷರತ್ತು ತೆಗೆದರು. ಆಮೇಲೆ ಕಂಪ್ಯೂಟರ್ ಸರಿಯಾಗಿಯೇ ಇತ್ತು ಅಂತ ಕೋರ್ಟು ಮೊದಲೇ ಅಂದುಕೊಳ್ಳುತ್ತಿತ್ತು, ಸಂಶಯ ಎತ್ತುವ ಹೊರೆ ಆರೋಪಿಯ ಮೇಲೆ. ತಂತ್ರಾಂಶದ ಒಳಗೆ ಕೈ ಹಾಕಲಾಗದ ಅಂಚೆಯವಳು ಅದನ್ನು ಹೇಗೆ ತೋರಿಸಬೇಕು? ಸಾಕ್ಷಿಕಟ್ಟೆಗೆ ಬಂದ ಕಂಪ್ಯೂಟರಿಗೆ ಪಾಟೀಸವಾಲು ಮಾಡುವವರೇ ಇರಲಿಲ್ಲ.

ಸರ್ವರ್ ರೂಮ್:

ಸರಿ, ಇದು ನನಗೆ ಗೊತ್ತಿರಲಿಲ್ಲ. ಪೂರ್ತಿ ಒಪ್ಪಿದೆ ಅಂತಲ್ಲ. ಆದರೆ ನನ್ನದೇ ಒಂದು ಅಭ್ಯಾಸ ಒಪ್ಪಿಕೊಳ್ಳುತ್ತೇನೆ. ಆಫೀಸಿನಲ್ಲಿ “ಬಗ್ ಬಂದಿದೆ” ಅನ್ನುತ್ತೇವೆ, ಮನೆಗೆ ನೆಂಟರು ಬಂದ ಹಾಗೆ. ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1988ರಲ್ಲೇ ಇದಕ್ಕೆ ಬೈದಿದ್ದಾರೆ. ಬಗ್ ಅನ್ನಬೇಡಿ, ತಪ್ಪು ಅನ್ನಿ, ಹುಳ ತಾನಾಗಿ ನುಸುಳಿತು ಅನ್ನುವ ಹಾಗೆ ಮಾತಾಡಿದರೆ ತಪ್ಪು ಮಾಡಿದ ಪ್ರೋಗ್ರಾಮರ್ ತಪ್ಪಿಸಿಕೊಳ್ಳುತ್ತಾನೆ ಅನ್ನುವುದು ಅವರ ವಾದ. ಹೋದ ವಾರ ನನ್ನ ವರದಿಯಲ್ಲಿ “ಬ್ಯಾಕಪ್ ಸ್ಕ್ರಿಪ್ಟ್ ಫೋಲ್ಡರನ್ನು ಮರೆತಿದೆ” ಅಂತ ಬರೆದಿದ್ದೆ. ಫೋಲ್ಡರಿನ ಹೆಸರನ್ನು ಪಟ್ಟಿಗೆ ಸೇರಿಸದೆ ಮರೆತವನು ನಾನು. ಸ್ಕ್ರಿಪ್ಟಿಗೆ ಏನು ಹೇಳಿದ್ದೆನೋ ಅಷ್ಟು ಮಾಡಿತ್ತು. ತಿದ್ದಿ ಕಳಿಸಿದೆ, ಸ್ವಲ್ಪ ಹೊಟ್ಟೆ ಉರಿಯಿತು.

ಹೊಸಬ 24:

ಎಐ ವಿಷಯ ಯಾರೂ ಎತ್ತಲೇ ಇಲ್ಲ! ಅಲ್ಲಿ ತಾನೇ ಇದು ಜಾಸ್ತಿ. “ಯೋಚಿಸುತ್ತಿದೆ…” ಅಂತ ತೆರೆ ಮೇಲೆ ಬರುತ್ತದೆ, “ಕ್ಷಮಿಸಿ, ನನ್ನಿಂದ ತಪ್ಪಾಯಿತು” ಅನ್ನುತ್ತದೆ. ಇಲ್ಲದ ಪುಸ್ತಕದ ಹೆಸರು ಹೇಳಿದರೆ ಅದಕ್ಕೆ ಹೆಲ್ಯೂಸಿನೇಶನ್ ಅಂತಾರೆ. ಕೇಂಬ್ರಿಡ್ಜ್ ನಿಘಂಟಿನವರು 2023ರ ವರ್ಷದ ಪದ ಅಂತ ಆರಿಸಿದ್ದು ಅದರ ಕ್ರಿಯಾಪದವನ್ನೇ. ಕನ್ನಡದಲ್ಲಿ ‘ಭ್ರಮೆ’ ಅಂತ ಬರೆಯಲೋ ಬೇಡವೋ?

ಸಾಲುಮರ:

ನಾನು ಬರೆಯುವುದಿಲ್ಲ. ಭ್ರಮೆ ಅಂದರೆ ಉಳಿದ ಹೊತ್ತಿನಲ್ಲಿ ಸರಿಯಾಗಿ ಕಾಣುತ್ತಿತ್ತು, ಈಗ ಕಣ್ಣು ಮಂಜಾಗಿದೆ ಅಂತ ಅರ್ಥ ಬರುತ್ತದೆ. ಅಲ್ಲಿ ಹಾಗಿಲ್ಲ. ಮುಂದೆ ಯಾವ ಪದದ ಚೂರು ಬರುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕಿ ಒಂದೊಂದೇ ಸೇರಿಸುತ್ತಾ ಹೋಗುವುದು. ಉತ್ತರ ಸರಿ ಬಂದಾಗಲೂ ಅದೇ ಲೆಕ್ಕ, ತಪ್ಪು ಬಂದಾಗಲೂ ಅದೇ. ನಾನು “ಇಲ್ಲದ ಮಾಹಿತಿ ಬರಬಹುದು, ಹೆಸರು, ಇಸವಿ ಪರಿಶೀಲಿಸಿ” ಅಂತ ಬರೆಯುತ್ತೇನೆ. ಉದ್ದ ಆಯಿತು, ಆಗಲಿ.

ಜನ ಎಷ್ಟು ಬೇಗ ಮರುಳಾಗುತ್ತಾರೆ ಅನ್ನುವುದಕ್ಕೆ ಹಳೆ ಕತೆ ಇದೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜ಼ೆನ್‌ಬಾಮ್ ಎಲೈಜ಼ಾ ಎಂಬ ಪ್ರೋಗ್ರಾಂ ಬಗ್ಗೆ ಪ್ರಕಟಿಸಿದರು. ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದು, ಅಷ್ಟೇ ಅದರ ಬಂಡವಾಳ. ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ನೋಡಿದ ಅವರ ಸೆಕ್ರೆಟರಿಯೇ, ಅದರ ಜೊತೆ ಸ್ವಲ್ಪ ಮಾತಾಡಿದ ಮೇಲೆ ನೀವು ಹೊರಗೆ ಹೋಗಿ ಅಂತ ಅವರಿಗೇ ಹೇಳಿದರಂತೆ. ಹಾಗಿರುವಾಗ ತೆರೆ ಮೇಲೆ ‘ಯೋಚಿಸುತ್ತಿದೆ’ ಅಂತ ನಾವೇ ಬರೆದು ಕೊಟ್ಟರೆ ಇನ್ನೇನು ಬಾಕಿ?

ನಿವೃತ್ತ ಮೇಷ್ಟ್ರು:

ವೈಂಡಿಂಗ್ ಅಂಗಡಿಯವರ ‘ಆಯಮ್ಮ’ನಿಗೆ ನಾನು ಸೋತೆ. ‘ಅದು’ ಬಾಯಿಂದ ಬರುವುದು ದನಿ ಇಲ್ಲದಿರುವ ತನಕ ಮಾತ್ರ ಅಂತ ತಿದ್ದಿಕೊಳ್ಳುತ್ತೇನೆ. ನಮ್ಮ ಮೊಮ್ಮಗಳೂ ಫೋನಿನ ದನಿಗೆ ‘ಅವಳು’ ಅನ್ನುತ್ತಾಳೆ, ತಿದ್ದಿದರೆ ನಗುತ್ತಾಳೆ.

ಕೈಪಿಡಿಕಾರ:

ಎಲ್ಲರಿಗೂ ಥ್ಯಾಂಕ್ಸ್. ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಜಗಳ ಆಡಿ ಬಂದೆ. ಮನುಷ್ಯರ ಕ್ರಿಯಾಪದ ಪೂರ್ತಿ ನಿಷೇಧ ಅನ್ನುವುದನ್ನು ಕೈಬಿಟ್ಟಿದ್ದಾರೆ. ಅರಿ, ತಿಳಿ, ಗೊತ್ತು, ನಿರ್ಧರಿಸು, ಒಪ್ಪು, ಮರೆ ಬಂದಲ್ಲೆಲ್ಲ ನಿಂತು ‘ಏನನ್ನು ಅಳೆಯುತ್ತದೆ, ಆ ಅಂಕಿ ಇಟ್ಟವರು ಯಾರು’ ಅಂತ ಕೇಳಿಕೊಂಡು ಬರೆಯಬೇಕು ಅಂತಾಗಿದೆ. ಬೇಕು, ಎಳೆ, ತೋರಿಸು ಇರಲಿ. ಡ್ರೈ ರನ್ ಈಗ ಹೀಗಿದೆ:

“ಮೋಟರ್ ಎಳೆಯುವ ಕರೆಂಟ್ ನೀವು ಇಟ್ಟ ಡ್ರೈ ರನ್ ಅಂಕಿಗಿಂತ ಕಡಿಮೆಯಾದರೆ ಮೋಟರ್ ಆಫ್ ಆಗುತ್ತದೆ. ಬೋರ್‌ನಲ್ಲಿ ನೀರು ಕಡಿಮೆಯಾದಾಗ ಹೀಗಾಗುತ್ತದೆ. ನೀರಿದ್ದೂ ಆಫ್ ಆಗುತ್ತಿದ್ದರೆ ಆ ಅಂಕಿ ಜಾಸ್ತಿ ಇರಬಹುದು. ಮೋಟರ್ ಬದಲಾಯಿಸಿದಾಗಲೆಲ್ಲ ಅಂಕಿಯನ್ನು ಹೊಸದಾಗಿ ಇಡಿ.”

ವೈಂಡಿಂಗ್ ಅಂಗಡಿ:

ಇದು ಓಕೆ. ಕೈಪಿಡಿ ಯಾರು ಓದುತ್ತಾರೆ ಅಂತ ನೀವೇ ಹೇಳಿದಿರಲ್ಲ. ರೈತರು ನೋಡುವುದು ಎಸ್‌ಎಂಎಸ್ ಮಾತ್ರ. ಅದರಲ್ಲಿ ಏನು ಬರುತ್ತದೆ?

ಕೈಪಿಡಿಕಾರ:

ಹೇಳಲು ನಾಚಿಕೆ. “ಬೋರ್‌ನಲ್ಲಿ ನೀರಿಲ್ಲ. ಮೋಟರ್ ನಿಲ್ಲಿಸಿದ್ದೇನೆ.” ನಾನೇ ಬರೆದದ್ದು, ಮೂರು ವರ್ಷದ ಹಿಂದೆ. ಕನ್ನಡ ಎಸ್‌ಎಂಎಸ್ ಒಂದಕ್ಕೆ 70 ಅಕ್ಷರ ಮಾತ್ರ, ಅದಕ್ಕೇ ಚಿಕ್ಕದಾಗಿ ಮುಗಿಸಿದ್ದೆ.

ವೈಂಡಿಂಗ್ ಅಂಗಡಿ:

‘ನಿಲ್ಲಿಸಿದ್ದೇನೆ’ ಅಂತೆ! ಹಿರಿಯೂರಿನವರು ಜಗಳಕ್ಕೆ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ ಮಾರಾಯ್ರೆ. ಆಂಪ್ಸ್ ಹಾಕಿ. ಬಂದದ್ದು ಎಷ್ಟು, ಇಟ್ಟದ್ದು ಎಷ್ಟು, ಎರಡೂ ಅಂಕಿ ಕಂಡರೆ ನನಗೆ ಫೋನಿನಲ್ಲೇ ಹೇಳಬಹುದು.

ಕೈಪಿಡಿಕಾರ:

“ಮೋಟರ್ ಆಫ್. ಕರೆಂಟ್ 8.8, ಸೆಟ್ಟಿಂಗ್ 9.5. ನೀರು, ಸೆಟ್ಟಿಂಗ್ ನೋಡಿ.” ಗುಣಿತ, ಒತ್ತು, ಖಾಲಿ ಜಾಗ ಎಲ್ಲ ಸೇರಿ 59 ಆಯಿತು. ಇನ್ನೂ 11 ಉಳಿದಿದೆ, ಏನಾದರೂ ಸೇರಿಸಬೇಕಾ?

ವೈಂಡಿಂಗ್ ಅಂಗಡಿ:

ಬೇಡ. ಕಳಿಸಿ.